ಹಳೆ ಮಾರುತಿ 800 ಕೈಕೊಟ್ಟಾಗ: ಪಾರ್ಟ್ಸ್ ಬದಲಿಸುವ ಮೊದಲು ಇಷ್ಟು ನೋಡಿ

"ಬೆಳಗ್ಗೆ ಸ್ಟಾರ್ಟೇ ಆಗಲ್ಲ, ಏನು ಮಾಡಲಿ?" "ಹೊಸ ಬ್ಯಾಟರಿ ಹಾಕಿಸಿದೆ, ಮೂರೇ ದಿನಕ್ಕೆ ಡೌನ್." "ಘಾಟಿ ಹತ್ತುವಾಗ ಎಳೆಯೋದೇ ಇಲ್ಲ." ಹಳೆ ಮಾರುತಿ 800 ಇಟ್ಟುಕೊಂಡವರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಒಬ್ಬೊಬ್ಬರಿಗೆ ಬೇರೆಬೇರೆ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಬೇರೆ ಹಳೆ ಪೆಟ್ರೋಲ್ ಕಾರುಗಳಿಗೂ ಇದರಲ್ಲಿ ಮುಕ್ಕಾಲು ಪಾಲು ಹೊಂದುತ್ತದೆ.

ಮೊದಲ 800 ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ. ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅಂದರೆ ತೀರಾ ಹೊಸ 800ಕ್ಕೂ ಹತ್ತು ವರ್ಷ ದಾಟಿದೆ. ಇಷ್ಟು ವಯಸ್ಸಾದ ಗಾಡಿಯಲ್ಲಿ ಇಂಜಿನ್‌ಗಿಂತ ಮೊದಲು ಕೆಡುವುದು ವೈರ್ ಸೇರುವ ಜಾಗಗಳು, ರಬ್ಬರ್ ಪೈಪುಗಳು ಮತ್ತು ಅರ್ತ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ದಾರಿ. ನಾನೂ ಒಮ್ಮೆ ಅಂಗಡಿಯವರ ಮಾತು ಕೇಳಿ ಹೊಸ ಬ್ಯಾಟರಿ ಹಾಕಿಸಿದ್ದೆ. ಕೊನೆಗೆ ತೊಂದರೆ ಇದ್ದದ್ದು ತುಕ್ಕು ಹಿಡಿದ ಒಂದು ಅರ್ತ್ ಪಟ್ಟಿಯಲ್ಲಿ. ಒಂದು ತುಂಡು ಉಪ್ಪುಕಾಗದದ ಕೆಲಸ ಅದು. ಅದಕ್ಕೇ ಇಲ್ಲಿನ ಕ್ರಮ ಹೀಗಿದೆ: ಮೊದಲು ಕಿವಿಗೊಟ್ಟು ಕೇಳುವುದು, ಆಮೇಲೆ ಕಣ್ಣಿಟ್ಟು ನೋಡುವುದು, ಆಮೇಲೆ ಮೀಟರ್ ಹಿಡಿದು ಅಳೆಯುವುದು. ಬಿಚ್ಚುವುದು ಏನಿದ್ದರೂ ಕೊನೆಗೆ.

ನಿಮ್ಮ ಗಾಡಿ ಯಾವುದು?

800ರಲ್ಲಿ ಎರಡು ಬಗೆ. ಹಳೆಯವು ಕಾರ್ಬೊರೇಟರ್ ಗಾಡಿಗಳು. ಗಾಳಿ ಮತ್ತು ಪೆಟ್ರೋಲನ್ನು ಬೆರೆಸಿ ಇಂಜಿನ್‌ಗೆ ಕೊಡುವ ಲೋಹದ ಡಬ್ಬಿಯೇ ಕಾರ್ಬೊರೇಟರ್. 2000ದ ಆಸುಪಾಸಿನಿಂದ ಬಂದವು ಎಂಪಿಎಫ್‌ಐ. ಇವುಗಳಲ್ಲಿ ಇಸಿಎಂ ಎಂಬ ಪುಟ್ಟ ಕಂಪ್ಯೂಟರ್ ಲೆಕ್ಕ ಹಾಕಿ, ಇಂಜೆಕ್ಟರ್ ಮೂಲಕ ಪೆಟ್ರೋಲ್ ಚಿಮ್ಮಿಸುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಚೋಕ್ (ತಣ್ಣಗಿನ ಇಂಜಿನ್ ಹಿಡಿಯಲು ಗಾಳಿ ತಗ್ಗಿಸುವ ಸಾಧನ) ಎಳೆಯುವ ಗುಂಡಿ ಇದ್ದರೆ ನಿಮ್ಮದು ಕಾರ್ಬೊರೇಟರ್. ಕೀಲಿ ಆನ್ ಮಾಡಿದಾಗ ಇಂಜಿನ್ ಚಿತ್ರದ ದೀಪ ಉರಿದರೆ ಎಂಪಿಎಫ್‌ಐ. ಇದನ್ನು ಮೊದಲೇ ತಿಳಿದುಕೊಳ್ಳಿ, ಯಾಕೆಂದರೆ ಒಂದಕ್ಕೆ ಸರಿಯಾದ ಪರೀಕ್ಷೆ ಇನ್ನೊಂದನ್ನು ಸುಟ್ಟುಹಾಕಬಹುದು.

ಬೇಕಾಗುವ ಸಾಮಾನು

ಒಂದು ಡಿಜಿಟಲ್ ಮಲ್ಟಿಮೀಟರ್. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಾಧಾರಣದ್ದೇ ಸಾಕು. 10 ಮತ್ತು 12 ನಂಬರ್ ಸ್ಪ್ಯಾನರ್, ಪ್ಲಗ್ (ಸಿಲಿಂಡರಿನೊಳಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್) ಬಿಚ್ಚುವ ಸ್ಪ್ಯಾನರ್, ಸ್ಕ್ರೂಡ್ರೈವರ್, ಹಿಡಿಗೆ ಪ್ಲಾಸ್ಟಿಕ್ ಇರುವ ಕಟಿಂಗ್ ಪ್ಲೇಯರ್, ಉಪ್ಪುಕಾಗದ, ಒಂದಿಷ್ಟು ಹಳೆ ಬಟ್ಟೆ, ಟಾರ್ಚ್. ಜಂಪರ್ ಕೇಬಲ್ ಕೊಳ್ಳುವುದಾದರೆ ದಪ್ಪನೆಯದನ್ನೇ ಕೊಳ್ಳಿ. ಬಳುಕುವ ತೆಳ್ಳನೆಯ ಕೇಬಲ್ ಬಿಸಿಯಾಗುತ್ತದೆ ಅಷ್ಟೇ, ಗಾಡಿ ಸ್ಟಾರ್ಟ್ ಆಗುವುದಿಲ್ಲ.

ಮುಟ್ಟುವ ಮೊದಲು ನಾಲ್ಕು ಮಾತು. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಉಂಗುರ, ಕೈಗಡಿಯಾರ ತೆಗೆದಿಡಿ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬೇಡಿ, ಆ ಹೊಗೆ ಪ್ರಾಣ ತೆಗೆಯುತ್ತದೆ. ಇಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಫ್ಯಾನ್ ಹತ್ತಿರ ಕೈ ಹಾಕಬೇಡಿ. ಇಂಜಿನ್ ನಿಂತಿದ್ದರೂ ಅದು ತನ್ನಷ್ಟಕ್ಕೆ ತಿರುಗಲು ಶುರುವಾಗಬಹುದು.

ಹಂತ 1: ಕೀಲಿ ತಿರುಗಿಸಿ, ಸುಮ್ನೆ ಕೇಳಿ

ಸ್ಟಾರ್ಟ್ ಆಗದ ಗಾಡಿಯ ಬಾನೆಟ್ ಎತ್ತುವ ಮೊದಲು ಒಂದೇ ಸಲ ಕೀಲಿ ತಿರುಗಿಸಿ. ಸೆಲ್ಫ್, ಅಂದರೆ ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್, ಏನು ಸದ್ದು ಮಾಡುತ್ತದೆ ನೋಡಿ.

"ಟಕಟಕಟಕ" ಎಂದು ಬೇಗಬೇಗ ಬಡಿದುಕೊಂಡರೆ, ಅಥವಾ "ಉಂ... ಉಂ..." ಎಂದು ಎಳೆದಾಡಿದರೆ ಸೆಲ್ಫ್‌ಗೆ ಕರೆಂಟ್ ಸಾಲುತ್ತಿಲ್ಲ. ಹಂತ 2 ನೋಡಿ.

ಒಂದೇ ಸಲ "ಟಕ್" ಎಂದು ಸುಮ್ಮನಾದರೆ, ಅಥವಾ ದೀಪಗಳೆಲ್ಲ ಚೆನ್ನಾಗಿ ಉರಿಯುತ್ತಿದ್ದರೂ ಸದ್ದೇ ಇಲ್ಲದಿದ್ದರೆ ಸೆಲ್ಫ್ ಅಥವಾ ಅದರ ವೈರಿನ ತೊಂದರೆ. ಹಂತ 3.

ಸೆಲ್ಫ್ ಜೋರಾಗಿ ತಿರುಗುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ ಎಂದಾದರೆ ಬ್ಯಾಟರಿ ತಂಟೆಗೆ ಹೋಗಬೇಡಿ. ಅದು ಸರಿ ಇದೆ. ನೇರ ಹಂತ 6ಕ್ಕೆ ಹೋಗಿ.

ಒಂದು ಎಚ್ಚರಿಕೆ: ಐದಾರು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ. ಪ್ರತಿ ಸಲವೂ ನಡುವೆ ಅರ್ಧ ನಿಮಿಷ ಬಿಡಿ. ಸಿಟ್ಟಿನಲ್ಲಿ ಹೊಡೆಯುತ್ತಲೇ ಇದ್ದರೆ ಇದ್ದ ಬ್ಯಾಟರಿಯೂ ಇಳಿಯುತ್ತದೆ, ಸೆಲ್ಫ್ ಕೂಡ ಸುಡುತ್ತದೆ.

ಹಂತ 2: ಬ್ಯಾಟರಿ, ಟರ್ಮಿನಲ್, ಅರ್ತ್

ಈ ಹಂತವನ್ನು ಅವಸರದಲ್ಲಿ ಮುಗಿಸಬೇಡಿ. ಹಳೆ ಗಾಡಿಯ ಅರ್ಧಕ್ಕರ್ಧ ಕರೆಂಟ್ ತೊಂದರೆ ಇಲ್ಲೇ ಮುಗಿಯುತ್ತದೆ ಎನ್ನುವುದು ನನ್ನ ಅನುಭವ.

ರಾತ್ರಿಯಿಡೀ ನಿಂತಿದ್ದ ಗಾಡಿಯ ಬ್ಯಾಟರಿಯನ್ನು ಬೆಳಗ್ಗೆ ಅಳೆಯಿರಿ. ಮಲ್ಟಿಮೀಟರ್ ಅನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕೆಂಪು ಕಡ್ಡಿಯನ್ನು ಪ್ಲಸ್‌ಗೂ ಕಪ್ಪನ್ನು ಮೈನಸ್‌ಗೂ ತಾಗಿಸಿ. 12.6 ಬಂದರೆ ಬ್ಯಾಟರಿ ತುಂಬಿದೆ. 12.4 ಅಂದರೆ ಮುಕ್ಕಾಲು. 12.0ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಖಾಲಿ. ಅರ್ಧ ವೋಲ್ಟ್ ತಾನೇ ಕಡಿಮೆ ಎಂದುಕೊಳ್ಳಬೇಡಿ, ಆ ಅರ್ಧ ವೋಲ್ಟಿನಲ್ಲೇ ಎಲ್ಲ ಇರುವುದು.

ಈಗ ಮೀಟರ್ ಹಾಗೇ ಹಿಡಿದುಕೊಂಡು, ಬೇರೆಯವರಿಗೆ ಕೀಲಿ ತಿರುಗಿಸಲು ಹೇಳಿ. ಸೆಲ್ಫ್ ತಿರುಗುವಾಗ ವೋಲ್ಟ್ ಇಳಿಯುತ್ತದೆ, ಅದು ಸಹಜ. ಆದರೆ 9.6ಕ್ಕಿಂತ ಕೆಳಗೆ ಬೀಳಬಾರದು. ತುಂಬಿದ ಬ್ಯಾಟರಿಯೇ ಹಾಗೆ ಬಿದ್ದರೆ ಅದರ ಆಯಸ್ಸು ಮುಗಿದಿದೆ. ನೀರು ಹಾಕುವ ಬ್ಯಾಟರಿಯಾದರೆ ಮುಚ್ಚಳ ತೆಗೆದು ನೀರಿನ ಮಟ್ಟವನ್ನೂ ನೋಡಿ. ಕಡಿಮೆ ಇದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಲ್ಲಿ ನೀರೂ ಬೇಡ, ಆಸಿಡ್ಡೂ ಬೇಡ.

ಬ್ಯಾಟರಿ ವೋಲ್ಟ್ ಸರಿ ಇದೆ, ಆದರೂ ಸೆಲ್ಫ್ ಎಳೆದಾಡುತ್ತದೆಯೇ? ಹಾಗಾದರೆ ಕರೆಂಟಿಗೆ ದಾರಿಯಲ್ಲೇ ತಡೆ ಇದೆ. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕೂತಿದೆಯೇ ನೋಡಿ. ಕೆಲವೊಮ್ಮೆ ಹೊರಗೆ ಏನೂ ಕಾಣುವುದಿಲ್ಲ. ಕ್ಲ್ಯಾಂಪ್ ಬಿಚ್ಚಿ ಒಳಗೆ ನೋಡಿದರೆ ಸೀಸದ ಮೇಲೆ ಕಪ್ಪು ಪೊರೆ ಇರುತ್ತದೆ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಇದನ್ನು ಉಲ್ಟಾ ಮಾಡಿದರೆ ಪ್ಲಸ್ ಬಿಚ್ಚುವ ಸ್ಪ್ಯಾನರ್ ಬಾಡಿಗೆ ತಾಗಿ ದೊಡ್ಡ ಕಿಡಿ ಹಾರುತ್ತದೆ. ಬಿಸಿನೀರು ಹೊಯ್ದು ಪುಡಿ ತೊಳೆಯಿರಿ, ಸೀಸ ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಿ, ಒರೆಸಿ, ಬಿಗಿ ಮಾಡಿ. ಆಮೇಲೆ ಮೇಲಿನಿಂದ ತೆಳುವಾಗಿ ವ್ಯಾಸಲೀನ್ ಹಚ್ಚಿ. ಬಿಗಿ ಮಾಡುವ ಮೊದಲೇ ಹಚ್ಚುವವರಿದ್ದಾರೆ, ಅದು ಬೇಡ.

ಈಗ ಅರ್ತ್. ಬ್ಯಾಟರಿಯ ಮೈನಸ್‌ನಿಂದ ಬಾಡಿಗೂ ಇಂಜಿನ್‌ಗೂ ಹೋಗುವ ದಪ್ಪ ಪಟ್ಟಿಯನ್ನೇ ಅರ್ತ್ ಎನ್ನುವುದು. ಸೆಲ್ಫ್‌ಗೆ ಹೋದ ಕರೆಂಟ್ ವಾಪಸ್ ಬರುವುದು ಇದೇ ದಾರಿಯಲ್ಲಿ. ಮಂಗಳೂರು, ಉಡುಪಿ, ಕಾರವಾರದ ಕಡೆಯ ಗಾಡಿಗಳಲ್ಲಿ ಉಪ್ಪುಗಾಳಿಗೆ ಇದು ಮೊದಲು ಹೋಗುತ್ತದೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬದ ಮೇಲೆ ಇಡಿ. ಕ್ಲ್ಯಾಂಪ್ ಮೇಲಲ್ಲ, ಕಂಬದ ಮೇಲೆ. ಇನ್ನೊಂದನ್ನು ಇಂಜಿನ್‌ನ ಬಣ್ಣವಿಲ್ಲದ ಲೋಹಕ್ಕೆ ಒತ್ತಿ ಹಿಡಿದು ಸೆಲ್ಫ್ ಹೊಡೆಸಿ. 0.2 ವೋಲ್ಟ್ ಒಳಗೆ ಇದ್ದರೆ ಅರ್ತ್ ಸರಿ ಇದೆ. ಅರ್ಧ ವೋಲ್ಟ್ ದಾಟಿದರೆ ಪಟ್ಟಿಯ ಎರಡೂ ತುದಿಯ ಬೋಲ್ಟ್ ಬಿಚ್ಚಿ, ಕೆಳಗಿನ ಲೋಹ ಬೆಳ್ಳಗಾಗುವಷ್ಟು ಉಜ್ಜಿ ಮತ್ತೆ ಹಾಕಿ. ಪಟ್ಟಿಯೇ ಹಸಿರುಗಟ್ಟಿದ್ದರೆ ಹೊಸದು ಹಾಕಿ. ಈ ಒಂದು ಪರೀಕ್ಷೆಯನ್ನು ಕಲಿತುಕೊಳ್ಳಿ, ಬೇರೇನೂ ಬೇಡ ಎನ್ನುವಷ್ಟು ಕೆಲಸಕ್ಕೆ ಬರುತ್ತದೆ.

ಅರ್ತ್ ಹೋಗಿದೆಯೆಂಬುದಕ್ಕೆ ಇನ್ನೊಂದು ಗುರುತು ಇದೆ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಅಥವಾ ಆಕ್ಸಿಲರೇಟರ್ ಕೇಬಲ್ ಬಿಸಿಯಾಗುತ್ತದೆ. ವಾಪಸ್ ಬರಲು ಬೇರೆ ದಾರಿ ಸಿಗದೆ ಕರೆಂಟ್ ಆ ತೆಳು ತಂತಿಯಲ್ಲಿ ಹೋಗುತ್ತಿರುತ್ತದೆ.

ಬೇರೆ ಗಾಡಿಯಿಂದ ಜಂಪ್ ಕೊಡುವಾಗ ಕ್ರಮ ಹೀಗಿರಲಿ. ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ಸತ್ತ ಗಾಡಿಯ ಇಂಜಿನ್ ಲೋಹಕ್ಕೆ. ಕೊನೆಯದನ್ನು ಬ್ಯಾಟರಿಗೇ ಸಿಕ್ಕಿಸಬೇಡಿ. ಬ್ಯಾಟರಿಯಿಂದ ಬರುವ ಹೈಡ್ರೋಜನ್ ಅನಿಲಕ್ಕೆ ಆ ಒಂದು ಕಿಡಿ ಸಾಕು.

ತಳ್ಳಿ ಸ್ಟಾರ್ಟ್ ಮಾಡುವುದೇ? ಕಾರ್ಬೊರೇಟರ್ ಗಾಡಿಯಾದರೆ ಸೆಕೆಂಡ್ ಗೇರಿನಲ್ಲಿ ಧಾರಾಳವಾಗಿ ಮಾಡಿ. ಎಂಪಿಎಫ್‌ಐನಲ್ಲಿ ಬ್ಯಾಟರಿ ಪೂರ್ತಿ ಸತ್ತಿದ್ದರೆ ಪೆಟ್ರೋಲ್ ಪಂಪೇ ಓಡುವುದಿಲ್ಲ. ಎಷ್ಟು ತಳ್ಳಿದರೂ ಬೆವರು ಮಾತ್ರ.

ಹಂತ 3: ಸೆಲ್ಫ್

ಹೆಡ್‌ಲೈಟ್ ಹಾಕಿ ಕೀಲಿ ತಿರುಗಿಸಿ. "ಟಕ್" ಎಂದಾಗ ಲೈಟ್ ಪೂರ್ತಿ ಮಂಕಾದರೆ ಮತ್ತೆ ಹಂತ 2ಕ್ಕೆ ಹೋಗಿ. ಲೈಟ್ ಹಾಗೇ ಉರಿಯುತ್ತಿದ್ದರೆ ಸೆಲ್ಫ್ ಕರೆಂಟನ್ನೇ ತೆಗೆದುಕೊಳ್ಳುತ್ತಿಲ್ಲ. ಮೊದಲು ಸೆಲ್ಫ್ ಮೇಲಿನ ಸೊಲೆನಾಯ್ಡಿಗೆ, ಅಂದರೆ ಗೇರ್ ತಳ್ಳುವ ಸ್ವಿಚ್ಚಿಗೆ, ಹೋಗುವ ಸಣ್ಣ ವೈರ್ ಕಳಚಿದೆಯೇ ನೋಡಿ. ಕಳಚಿರುವುದು ತೀರಾ ಸಾಮಾನ್ಯ. ವೈರ್ ಸರಿ ಇದ್ದರೆ ಸೆಲ್ಫ್ ಬಾಡಿಗೆ ಮರದ ತುಂಡಿನಿಂದ ಮೆಲ್ಲಗೆ ಎರಡು ಏಟು ಕೊಟ್ಟು ಇನ್ನೊಮ್ಮೆ ಕೀಲಿ ತಿರುಗಿಸಿ. ಈಗ ತಿರುಗಿದರೆ ಒಳಗಿನ ಕಾರ್ಬನ್ ಬ್ರಷ್ ಸವೆದಿದೆ ಎಂದರ್ಥ. ಇದು ಮನೆಗೆ ಮುಟ್ಟುವ ಉಪಾಯ ಮಾತ್ರ. ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಬ್ರಷ್ ಹಾಕಿಸಿದರೆ ಸಾಕು, ಹೊಸ ಸೆಲ್ಫ್ ಬೇಕಾಗುವುದು ಅಪರೂಪ.

ಹಂತ 4: ಚಾರ್ಜ್ ಆಗುತ್ತಿದೆಯೇ?

ಕೀಲಿ ಆನ್ ಮಾಡಿದಾಗ ಬ್ಯಾಟರಿ ಚಿತ್ರದ ಕೆಂಪು ದೀಪ ಉರಿಯಬೇಕು, ಇಂಜಿನ್ ಹಿಡಿದ ಮೇಲೆ ಆರಬೇಕು. ಆರದಿದ್ದರೆ ಆಲ್ಟರ್ನೇಟರ್ ಚಾರ್ಜ್ ಕೊಡುತ್ತಿಲ್ಲ. ಗ್ಯಾರೇಜಿನಲ್ಲಿ ಇದನ್ನೇ ಡೈನಮೋ ಎನ್ನುತ್ತಾರೆ. ದೀಪ ಮೊದಲಿಗೇ ಉರಿಯದಿದ್ದರೂ ಅನುಮಾನಪಡಿ. ಆ ದೀಪದ ವೈರ್ ತುಂಡಾಗಿದ್ದರೆ ಡೈನಮೋ ಕೆಲಸ ಶುರು ಮಾಡದೇ ಇರಬಹುದು.

ಇಂಜಿನ್ ಓಡುತ್ತಿರುವಾಗ ಬ್ಯಾಟರಿಯನ್ನು ಅಳೆಯಿರಿ. ಸ್ವಲ್ಪ ರೇಸ್ ಮಾಡಿದಾಗ 13.8ರಿಂದ 14.4 ವೋಲ್ಟ್ ಬರಬೇಕು. ಹೆಡ್‌ಲೈಟ್, ವೈಪರ್, ಫ್ಯಾನ್ ಎಲ್ಲ ಹಾಕಿದರೂ 13ರ ಮೇಲೇ ಇರಬೇಕು. 15 ದಾಟಿದರೆ ವೋಲ್ಟೇಜ್ ಹಿಡಿದಿಡುವ ರೆಗ್ಯುಲೇಟರ್ ಹೋಗಿದೆ. ಪದೇ ಪದೇ ಬಲ್ಬ್ ಸುಡುವುದು, ಬ್ಯಾಟರಿ ನೀರು ಬೇಗ ಒಣಗುವುದು ಇದರ ಗುರುತು. 13ರ ಕೆಳಗಿದ್ದರೆ ಮೊದಲು ಬೆಲ್ಟ್ ನೋಡಿ. ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಕಿರ್ರ್ ಎಂದು ಕಿರುಚುತ್ತಿದ್ದರೆ ಬೆಲ್ಟ್ ಸಡಿಲ.

ದೊಡ್ಡ ತಪ್ಪು ಒಂದಿದೆ. ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ವೈರ್ ಕಿತ್ತು, "ನೋಡಿ ಸಾರ್, ಗಾಡಿ ನಿಲ್ಲಲಿಲ್ಲ, ಡೈನಮೋ ಸರಿ ಇದೆ" ಎನ್ನುವವರನ್ನು ನೀವೂ ಕಂಡಿರುತ್ತೀರಿ. ಹಾಗೆ ಕಿತ್ತಾಗ ವೋಲ್ಟೇಜ್ ಒಮ್ಮೆಲೇ ಏರಿ ಡೈನಮೋದ ಡಯೋಡ್ ಹೋಗಬಹುದು, ಎಂಪಿಎಫ್‌ಐ ಆದರೆ ಇಸಿಎಂ ಕೂಡ. ನಿಮ್ಮ ಗಾಡಿಗೆ ಹಾಗೆ ಮಾಡಲು ಬಿಡಬೇಡಿ.

ಹಂತ 5: ನಿಂತಲ್ಲೇ ಬ್ಯಾಟರಿ ಇಳಿಯುವುದು

ಬ್ಯಾಟರಿ ಹೊಸದು, ಚಾರ್ಜೂ ಸರಿ ಇದೆ. ಆದರೂ ಎರಡು ದಿನ ನಿಂತರೆ ಡೌನ್. ಅಂದರೆ ಗಾಡಿ ಆಫ್ ಇದ್ದಾಗಲೂ ಯಾವುದೋ ಒಂದು ಕರೆಂಟ್ ಕುಡಿಯುತ್ತಿದೆ. ಹೀಗೆ ಹಿಡಿಯಿರಿ:

ಕೀಲಿ ತೆಗೆದು, ಬಾಗಿಲುಗಳನ್ನೆಲ್ಲ ಹಾಕಿ. ಮಲ್ಟಿಮೀಟರಿನ ಕೆಂಪು ಕಡ್ಡಿಯನ್ನು 10 ಆಂಪ್ ತೂತಿಗೆ ಬದಲಿಸಿ. ಬ್ಯಾಟರಿಯ ಮೈನಸ್ ಕ್ಲ್ಯಾಂಪ್ ಬಿಚ್ಚಿ, ಕಂಬಕ್ಕೂ ಕ್ಲ್ಯಾಂಪಿಗೂ ನಡುವೆ ಮೀಟರ್ ಸೇರಿಸಿ. 0.05 ಆಂಪ್ ಒಳಗೆ ಇದ್ದರೆ ತೊಂದರೆ ಇಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ಡ್ಯಾಶ್‌ಬೋರ್ಡ್ ಕೆಳಗಿನ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಮೀಟರ್ ನೋಡಿ. ಯಾವ ಫ್ಯೂಸ್ ಕಿತ್ತಾಗ ಅಂಕಿ ಇಳಿಯಿತೋ ಕಳ್ಳ ಆ ಲೈನಿನಲ್ಲಿದ್ದಾನೆ. ಯಾವುದಕ್ಕೂ ಇಳಿಯದಿದ್ದರೆ ಬ್ಯಾಟರಿಯಿಂದ ನೇರ ಎಳೆದ ವೈರ್ ಯಾವುದಿದೆ ಹುಡುಕಿ. ಹೊರಗಿನಿಂದ ಹಾಕಿಸಿದ ಸ್ಟೀರಿಯೊ, ಸೆಂಟ್ರಲ್ ಲಾಕ್, ರಿವರ್ಸ್ ಹಾರ್ನ್ ಇಂಥವೇ ಇರುತ್ತವೆ.

ಮೀಟರ್ ಹೀಗೆ ನಡುವೆ ಇರುವಾಗ ಮರೆತೂ ಕೀಲಿ ತಿರುಗಿಸಬೇಡಿ, ಮೀಟರ್ ಸುಡುತ್ತದೆ. ಕೆಲಸ ಮುಗಿದ ಮೇಲೆ ಕೆಂಪು ಕಡ್ಡಿಯನ್ನು ವೋಲ್ಟ್ ತೂತಿಗೆ ವಾಪಸ್ ಹಾಕುವುದನ್ನೂ ಮರೆಯಬೇಡಿ.

ಹಂತ 6: ಸೆಲ್ಫ್ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ

ನಗಬೇಡಿ, ಮೊದಲು ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ ನೋಡಿ. ಇಪ್ಪತ್ತು ವರ್ಷದ ಗೇಜ್ ಸುಳ್ಳು ಹೇಳುತ್ತದೆ. ಒಂದೆರಡು ಲೀಟರ್ ಹಾಕಿ ನೋಡುವುದೇ ಅಗ್ಗದ ಪರೀಕ್ಷೆ.

ಆಮೇಲೆ ಟೈಮಿಂಗ್ ಬೆಲ್ಟ್. ಕ್ರ್ಯಾಂಕ್‌ಶಾಫ್ಟ್ ತಿರುಗಿದಂತೆ ಮೇಲಿನ ಕ್ಯಾಮ್‌ಶಾಫ್ಟ್ ತಿರುಗಿಸಿ ವಾಲ್ವುಗಳನ್ನು ತೆರೆದು ಮುಚ್ಚುವಂತೆ ಮಾಡುವ ಹಲ್ಲಿನ ಬೆಲ್ಟ್ ಅದು. ತುಂಡಾದರೆ ಸೆಲ್ಫ್ ಸದ್ದೇ ಬೇರೆ: ಎಂದಿನ ಏರಿಳಿತ ಇರುವುದಿಲ್ಲ, "ವೀಂ..." ಎಂದು ಹಗುರವಾಗಿ ತಿರುಗುತ್ತದೆ. ಕಾರ್ಬೊರೇಟರ್ ಗಾಡಿಯಲ್ಲಿ ಖಾತ್ರಿ ಮಾಡಿಕೊಳ್ಳುವುದು ಸುಲಭ. ಡಿಸ್ಟ್ರಿಬ್ಯೂಟರ್, ಅಂದರೆ ಮೂರು ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಬ್ಬಿ, ಕ್ಯಾಮ್‌ಶಾಫ್ಟಿನಿಂದಲೇ ತಿರುಗುತ್ತದೆ. ಅದರ ಕ್ಯಾಪ್ ತೆಗೆದು, ಒಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ನಡುವಿನ ರೋಟರ್ ತಿರುಗದಿದ್ದರೆ ಬೆಲ್ಟ್ ಹೋಗಿದೆ. ಆಗ ಸೆಲ್ಫ್ ಹೊಡೆಯುವುದನ್ನು ಅಲ್ಲಿಗೇ ನಿಲ್ಲಿಸಿ, ಗಾಡಿ ಎಳೆಸಿಕೊಂಡು ಹೋಗಿ.

ಮುಂದೆ ಕಿಡಿ. ಈ ಪರೀಕ್ಷೆ ಕಾರ್ಬೊರೇಟರ್ ಗಾಡಿಗೆ ಮಾತ್ರ. ಒಂದು ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಪ್ಲಗ್‌ನ ಲೋಹದ ಭಾಗ ಇಂಜಿನ್‌ಗೆ ತಾಗುವಂತೆ ಪ್ಲೇಯರಿನಲ್ಲಿ ಹಿಡಿಯಿರಿ. ಪ್ಲಗ್ ಬಿಚ್ಚಿದ ತೂತಿನಿಂದ ದೂರವಿರಲಿ, ಅಲ್ಲಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ. ಸೆಲ್ಫ್ ಹೊಡೆದಾಗ "ಚಟ್ ಚಟ್" ಎಂದು ನೀಲಿ ಕಿಡಿ ಬರಬೇಕು. ಹಳದಿಯಾಗಿ ಮಂಕಾಗಿ ಬಂದರೆ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಇಗ್ನಿಷನ್ ಕಾಯಿಲ್ ಸೋತಿರಬಹುದು. ಬರದೇ ಇದ್ದರೆ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗನ್ನು ಟಾರ್ಚ್ ಬಿಟ್ಟು ನೋಡಿ. ಪೆನ್ಸಿಲ್‌ನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ ಕಂಡರೆ ಕ್ಯಾಪ್ ಬಿರುಕು ಬಿಟ್ಟಿದೆ, ಕರೆಂಟ್ ಆ ಗೆರೆಯಲ್ಲಿ ಹರಿದುಹೋಗುತ್ತಿದೆ. ಮಳೆಗಾಲದಲ್ಲಿ ಒಳಗೆ ಬೆವರಿನಂತೆ ನೀರು ಕೂತಿರುತ್ತದೆ. ಒಣಬಟ್ಟೆಯಲ್ಲಿ ಒರೆಸಿದರೆ ಅಷ್ಟಕ್ಕೇ ಗಾಡಿ ಹಿಡಿಯುತ್ತದೆ.

ತೀರಾ ಹಳೆ ಗಾಡಿಗಳಲ್ಲಿ ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ ಇರುತ್ತದೆ. ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್ ಅದು. ಪೂರ್ತಿ ತೆರೆದಾಗ ನಡುವೆ 0.4ರಿಂದ 0.5 ಮಿಲಿಮೀಟರ್ ಇರಬೇಕು. ಸುಟ್ಟು ಗುಳಿ ಬಿದ್ದಿದ್ದರೆ ಉಜ್ಜುವುದು ತಾತ್ಕಾಲಿಕ, ಹೊಸದು ಹಾಕಿ. ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಕೂಡ ಜೊತೆಗೇ ಬದಲಿಸಿ.

ಪ್ಲಗ್ ವೈರುಗಳನ್ನು ಕಿತ್ತು ವಾಪಸ್ ಹಾಕುವಾಗ ಅದಲುಬದಲು ಮಾಡಬೇಡಿ. ಕಿಡಿ ಬರುವ ಸರದಿ 1-3-2. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ. ನಂಬಿ, ಅದಕ್ಕಿಂತ ಒಳ್ಳೆಯ ಟೂಲ್ ಇಲ್ಲ.

ಕಿಡಿ ಇದ್ದರೆ ಪೆಟ್ರೋಲ್ ಕಡೆ ಬನ್ನಿ. ಕಾರ್ಬೊರೇಟರ್ ಗಾಡಿಯಲ್ಲಿ ಏರ್ ಫಿಲ್ಟರ್ ತೆಗೆದು ಕಾರ್ಬೊರೇಟರ್ ಬಾಯಿಯೊಳಗೆ ನೋಡುತ್ತ ಕೈಯಿಂದ ಆಕ್ಸಿಲರೇಟರ್ ಲಿವರ್ ಎಳೆಯಿರಿ. ಸಣ್ಣ ಧಾರೆಯಾಗಿ ಪೆಟ್ರೋಲ್ ಚಿಮ್ಮಬೇಕು. ಚಿಮ್ಮದಿದ್ದರೆ ಫಿಲ್ಟರ್ ಕಟ್ಟಿಕೊಂಡಿದೆ, ಇಲ್ಲವೇ ಪಂಪಿನ ಒಳಗಿನ ಪೊರೆ, ಡಯಾಫ್ರಾಮ್, ಹರಿದಿದೆ. ಪೆಟ್ರೋಲ್ ವಾಸನೆ ಗಾಢವಾಗಿದ್ದು ಪ್ಲಗ್ ಒದ್ದೆಯಾಗಿದ್ದರೆ ಓವರ್‌ಫ್ಲೋ ಆಗಿದೆ. ಹತ್ತು ನಿಮಿಷ ಬಿಟ್ಟು, ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಪಂಪ್ ಮಾಡಬೇಡಿ, ಒತ್ತಿಯೇ ಇರಲಿ.

ಎಂಪಿಎಫ್‌ಐ ಆದರೆ ಕಿವಿಯೇ ಸಾಧನ. ಕೀಲಿ ಆನ್ ಮಾಡಿದ ಕೂಡಲೇ ಟ್ಯಾಂಕಿನ ಕಡೆಯಿಂದ ಎರಡು ಮೂರು ಸೆಕೆಂಡ್ "ಜುಂಯ್" ಎಂಬ ಸದ್ದು ಬಂದು ನಿಲ್ಲಬೇಕು. ಅದು ಪೆಟ್ರೋಲ್ ಪಂಪ್. ಸದ್ದಿಲ್ಲದಿದ್ದರೆ ಫ್ಯೂಸ್, ಆಮೇಲೆ ರಿಲೇ ನೋಡಿ. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಚೌಕದ ಡಬ್ಬಿ ರಿಲೇ. ಅದೇ ನಂಬರಿನ ಇನ್ನೊಂದು ರಿಲೇ ಗಾಡಿಯಲ್ಲಿದ್ದರೆ ಅದನ್ನು ಇಲ್ಲಿಗೆ ಹಾಕಿ ನೋಡಬಹುದು. ಇಂಜಿನ್ ಚಿತ್ರದ ದೀಪವೂ ಉರಿಯದಿದ್ದರೆ ಇಸಿಎಂಗೇ ಕರೆಂಟ್ ಹೋಗುತ್ತಿಲ್ಲ. ಇಲ್ಲಿ ಪ್ಲಗ್ ವೈರ್ ಕಿತ್ತು ಕಿಡಿ ನೋಡುವ ಸಾಹಸ ಬೇಡ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಸ್ಕ್ಯಾನರ್ ತೀರಾ ಹಳೆ ಎಂಪಿಎಫ್‌ಐ ಗಾಡಿಗಳಿಗೆ ಕನೆಕ್ಟ್ ಆಗದೇ ಇರಬಹುದು. ಕೊಳ್ಳುವ ಮೊದಲು ವಿಚಾರಿಸಿ.

ಹಂತ 7: ಮಿಸ್ಸಿಂಗ್, ಪಿಕಪ್ ಇಲ್ಲದಿರುವುದು

ಮಿಸ್ಸಿಂಗ್ ಅಂದರೆ ಮೂರರಲ್ಲಿ ಒಂದು ಸಿಲಿಂಡರ್ ಕೆಲಸ ತಪ್ಪಿಸುವುದು. 796 ಸಿಸಿಯ ಮೂರು ಸಿಲಿಂಡರ್ ಇಂಜಿನ್ ಹೇಗಿದ್ದರೂ ಸ್ವಲ್ಪ ನಡುಗುತ್ತದೆ. ಆದರೆ ಒಂದು ನಿಂತರೆ ಗೇರ್ ಲಿವರ್ ಕುಣಿಯುವುದು ಕಣ್ಣಿಗೇ ಕಾಣುತ್ತದೆ.

ಪ್ಲಗ್‌ಗಳನ್ನು ಬಿಚ್ಚಿ ಸಾಲಾಗಿ ಇಟ್ಟು ಬಣ್ಣ ನೋಡಿ. ತುದಿ ತಿಳಿ ಕಾಫಿ ಬಣ್ಣದಲ್ಲಿದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಏರ್ ಫಿಲ್ಟರ್ ಮತ್ತು ಚೋಕ್ ನೋಡಿ. ಜಿಡ್ಡು ಜಿಡ್ಡಾಗಿ ಒದ್ದೆಯಾಗಿದ್ದರೆ ಆಯಿಲ್ ಮೇಲೆ ಬರುತ್ತಿದೆ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಕಡಿಮೆ ಅಥವಾ ಇಂಜಿನ್ ಹೀಟ್. ಮೂರರಲ್ಲಿ ಒಂದೇ ಬೇರೆ ಬಣ್ಣದಲ್ಲಿದ್ದರೆ ತೊಂದರೆ ಆ ಸಿಲಿಂಡರಿನದು. ಕಾರ್ಬೊರೇಟರ್ ಗಾಡಿಗೆ ಪ್ಲಗ್ ಗ್ಯಾಪ್ 0.7ರಿಂದ 0.8 ಮಿಲಿಮೀಟರ್. ಎಂಪಿಎಫ್‌ಐಗೆ ನಿಮ್ಮ ಗಾಡಿಯ ಪುಸ್ತಕ ನೋಡಿ. ವಾಪಸ್ ಹಾಕುವಾಗ ಮೊದಲು ಕೈಯಲ್ಲೇ ತಿರುಗಿಸಿ, ಕೊನೆಗೆ ಸ್ಪ್ಯಾನರ್. ಇಂಜಿನ್‌ನ ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಅಲ್ಯೂಮಿನಿಯಂನದು. ತ್ರೆಡ್ ಹಾಳಾದರೆ ದೊಡ್ಡ ಖರ್ಚು.

ಪ್ಲಗ್ ವೈರ್ ಪರೀಕ್ಷೆಯನ್ನು ರಾತ್ರಿ ಮಾಡಿ. ಕತ್ತಲಲ್ಲಿ ಬಾನೆಟ್ ಎತ್ತಿ ಇಂಜಿನ್ ಓಡಲು ಬಿಡಿ. ವೈರಿನ ಮೈಮೇಲೆ ಮಿಂಚುಹುಳದಂತೆ ನೀಲಿ ಮಿಣುಕು ಕಂಡರೆ ಕರೆಂಟ್ ಸೋರುತ್ತಿದೆ, ಸೆಟ್ ಬದಲಿಸಿ. ಮುಟ್ಟಲು ಹೋಗಬೇಡಿ, ಸಾವಿರಾರು ವೋಲ್ಟ್ ಅದು.

ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಬಿಸಿಲಲ್ಲಿ ಹತ್ತುವಾಗ ಕಾರ್ಬೊರೇಟರ್ ಗಾಡಿ ಕೊಸರಾಡಿ ನಿಂತು, ಅರ್ಧ ಗಂಟೆ ಬಿಟ್ಟ ಮೇಲೆ ಏನೂ ಆಗಿಲ್ಲದಂತೆ ಸ್ಟಾರ್ಟ್ ಆದರೆ ಅದು ವೇಪರ್ ಲಾಕ್. ಪೈಪಿನಲ್ಲೇ ಪೆಟ್ರೋಲ್ ಕುದಿದು ಆವಿಯಾಗಿ, ಪಂಪ್ ಅದನ್ನು ಎಳೆಯಲಾರದೆ ಹೋಗುತ್ತದೆ. ಪಂಪಿನ ಮೇಲೆ ಒದ್ದೆಬಟ್ಟೆ ಹಾಕಿ ತಣ್ಣಗೆ ಮಾಡಿ. ಪದೇ ಪದೇ ಆಗುತ್ತಿದ್ದರೆ ಪೆಟ್ರೋಲ್ ಪೈಪ್ ಬಿಸಿ ಜಾಗಕ್ಕೆ ತಾಗಿಕೊಂಡಿದೆಯೇ ನೋಡಿ.

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಈ ಗಾಡಿಗಳನ್ನು ಅದಕ್ಕಾಗಿ ಮಾಡಿದ್ದಲ್ಲ. ಹಳೆ ರಬ್ಬರ್ ಪೈಪ್ ಮೆತ್ತಗಾಗಿ ಬಿರುಕು ಬಿಡುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ಎಥನಾಲ್ ನೀರಿನಂಶ ಹೀರಿಕೊಳ್ಳುತ್ತದೆ. ಟ್ಯಾಂಕಿನಿಂದ ಇಂಜಿನ್‌ವರೆಗಿನ ಪೈಪುಗಳನ್ನು ಒಮ್ಮೆ ಬೆರಳಲ್ಲಿ ಬಾಗಿಸಿ ನೋಡಿ. ಬಾಗಿಸಿದಾಗ ಕೂದಲೆಳೆಯಂಥ ಬಿರುಕು ಕಂಡರೆ ಎಥನಾಲ್ ತಾಳುವ ಪೈಪ್ ಕೇಳಿ ಹಾಕಿಸಿ. ಇದನ್ನು ಮುಂದಕ್ಕೆ ಹಾಕಬೇಡಿ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಗಾಡಿಯೇ ಹೋಗುತ್ತದೆ.

ಹಂತ 8: ಹೀಟ್ ಆಗುವುದು

ಮುಳ್ಳು ಕೆಂಪಿನತ್ತ ಏರಿದರೆ ಎಸಿ ಆಫ್ ಮಾಡಿ, ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ. ಸೆಕೆಯಲ್ಲಿ ಹೀಟರ್ ಹಾಕುವುದು ಶಿಕ್ಷೆಯೇ, ಆದರೆ ಇಂಜಿನ್‌ನ ಬಿಸಿ ಒಳಗೆ ಬಂದಷ್ಟೂ ಅದಕ್ಕೆ ಒಳ್ಳೆಯದು. ಗಾಡಿ ಬದಿಗೆ ಹಾಕಿ ನಿಲ್ಲಿಸಿ. ರೇಡಿಯೇಟರ್ ಕ್ಯಾಪನ್ನು ಬಿಸಿಯಲ್ಲಿ ಯಾವ ಕಾರಣಕ್ಕೂ ತೆಗೆಯಬೇಡಿ, ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಕಾದ ಇಂಜಿನ್ ಮೇಲೆ ತಣ್ಣೀರು ಸುರಿಯುವುದೂ ಬೇಡ, ಹೆಡ್ ಬಿರುಕು ಬಿಡಬಹುದು.

ತಣ್ಣಗಾದ ಮೇಲೆ ನೀರು ನೋಡಿ. ನೀರು ಸರಿ ಇದ್ದು, ಟ್ರಾಫಿಕ್‌ನಲ್ಲಿ ಮಾತ್ರ ಹೀಟ್ ಆಗಿ ಓಡುವಾಗ ಇಳಿದರೆ ರೇಡಿಯೇಟರ್ ಫ್ಯಾನ್ ಮೇಲೆ ಅನುಮಾನಪಡಿ. ಕಾರ್ಬೊರೇಟರ್ ಗಾಡಿಯಲ್ಲಿ ಕೀಲಿ ಆನ್ ಮಾಡಿ, ಫ್ಯಾನಿನ ಥರ್ಮೋ ಸ್ವಿಚ್ ಕನೆಕ್ಟರ್ ಬಿಚ್ಚಿ. ಎರಡು ವೈರ್ ಇದ್ದರೆ ಒಂದಕ್ಕೊಂದು ತಾಗಿಸಿ, ಒಂದೇ ಇದ್ದರೆ ಇಂಜಿನ್ ಲೋಹಕ್ಕೆ ತಾಗಿಸಿ. ಫ್ಯಾನ್ ತಿರುಗಿದರೆ ಸ್ವಿಚ್ ಹೋಗಿದೆ. ತಿರುಗದಿದ್ದರೆ ಫ್ಯೂಸ್ ಅಥವಾ ಮೋಟಾರ್. ಎಂಪಿಎಫ್‌ಐನಲ್ಲಿ ಈ ಪ್ರಯೋಗ ಬೇಡ, ಫ್ಯೂಸ್ ಮತ್ತು ರಿಲೇ ಅಷ್ಟೇ ನೋಡಿ. ಹೈವೇಯಲ್ಲಿ ಓಡುವಾಗಲೇ ಹೀಟ್ ಆದರೆ ರೇಡಿಯೇಟರ್ ಕಟ್ಟಿಕೊಂಡಿದೆ, ಅಥವಾ ಬಿಸಿಯಾದಾಗ ರೇಡಿಯೇಟರಿಗೆ ನೀರು ಬಿಡುವ ವಾಲ್ವ್, ಥರ್ಮೋಸ್ಟಾಟ್, ತೆರೆಯುತ್ತಿಲ್ಲ. "ಥರ್ಮೋಸ್ಟಾಟ್ ತೆಗೆದೇ ಬಿಡೋಣ" ಎನ್ನುವ ಸಲಹೆ ಬರುತ್ತದೆ. ಒಪ್ಪಬೇಡಿ. ಇಂಜಿನ್ ಸರಿಯಾಗಿ ಬಿಸಿಯಾಗದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ಆಯಿಲ್ ಹಾಕುವ ಮುಚ್ಚಳ ತೆಗೆದು ಅಡಿಭಾಗ ನೋಡಿ. ಹಾಲು ಕಾಫಿಯ ಬಣ್ಣದ ನೊರೆ ಇದ್ದರೆ ಆಯಿಲಿಗೆ ನೀರು ಸೇರಿರಬಹುದು, ಹೆಡ್ ಗ್ಯಾಸ್ಕೆಟ್ (ಹೆಡ್‌ಗೂ ಕೆಳಗಿನ ಇಂಜಿನ್ ಭಾಗಕ್ಕೂ ನಡುವಿನ ಸೀಲ್) ಹೋದ ಲಕ್ಷಣ. ಆದರೆ ಗಾಬರಿ ಬೇಡ. ಮಲೆನಾಡಿನ ಮಳೆಯಲ್ಲಿ ದಿನಾ ಎರಡೇ ಕಿಲೋಮೀಟರ್ ಓಡುವ ಗಾಡಿಯ ಮುಚ್ಚಳದಲ್ಲೂ ತೆಳು ನೊರೆ ಕಾಣುತ್ತದೆ. ಡಿಪ್ ಸ್ಟಿಕ್‌ನಲ್ಲೂ ಅದೇ ಬಣ್ಣ ಇದ್ದು, ನೀರೂ ಕಡಿಮೆಯಾಗುತ್ತಿದ್ದರೆ ಮಾತ್ರ ನಿಜವಾದ ತೊಂದರೆ. ಆಗ ಓಡಿಸಬೇಡಿ.

ಹಂತ 9: ಲೈಟು, ಫ್ಯೂಸು

ಫ್ಯೂಸ್ ಹೋದರೆ ಅದೇ ಆಂಪಿನದು ಹಾಕಿ. 15ರ ಜಾಗಕ್ಕೆ 30 ಹಾಕಿದರೆ, ಇಲ್ಲವೇ ಸಿಗರೇಟ್ ಪ್ಯಾಕಿನ ಜರಿ ಸುತ್ತಿದರೆ, ಫ್ಯೂಸಿನ ಬದಲು ವೈರ್ ಸುಡುತ್ತದೆ. ಹೊಸ ಫ್ಯೂಸೂ ತಕ್ಷಣ ಹೋದರೆ ಎಲ್ಲೋ ವೈರ್ ಸುಲಿದು ಬಾಡಿಗೆ ತಾಗುತ್ತಿದೆ. ಬಾಗಿಲ ಕೀಲು, ಡಿಕ್ಕಿ ಬಾಗಿಲಿನ ಬಳಿ ವೈರ್ ಮಡಚಿ ಮಡಚಿ ತುಂಡಾಗುವ ಜಾಗಗಳನ್ನು ಮೊದಲು ನೋಡಿ.

ಇಂಡಿಕೇಟರ್ ಒಂದು ಕಡೆ ಮಾತ್ರ ಬೇಗಬೇಗ ಬಡಿದುಕೊಂಡರೆ ಆ ಕಡೆಯ ಬಲ್ಬ್ ಹೋಗಿದೆ. ಬ್ರೇಕ್ ಒತ್ತಿದಾಗ ಹಿಂದಿನ ಇಂಡಿಕೇಟರ್ ಮಂಕಾಗಿ ಉರಿದರೆ ಹಿಂದಿನ ಲೈಟಿನ ಅರ್ತ್ ಹೋಗಿದೆ. ಹೆಡ್‌ಲೈಟ್ ಮಂಕಾಗಿದ್ದರೆ ಜಾಸ್ತಿ ವ್ಯಾಟಿನ ಬಲ್ಬ್ ಹಾಕಿಸಬೇಡಿ. 60/55 ವ್ಯಾಟ್ ಬಲ್ಬ್ ಇಟ್ಟು, ಬಲ್ಬಿನ ಕನೆಕ್ಟರಿನಲ್ಲೇ ವೋಲ್ಟ್ ಅಳೆಯಿರಿ. ಬ್ಯಾಟರಿಯಲ್ಲಿ 12.6 ಇದ್ದು ಇಲ್ಲಿ 11 ಬಂದರೆ ವೈರಿಂಗ್, ಸ್ವಿಚ್ ಇಲ್ಲವೇ ಅರ್ತ್ ನುಂಗುತ್ತಿದೆ. ಒಳ್ಳೆಯ ರಿಲೇ ಕಿಟ್ ಹಾಕಿಸಿದರೆ ಅದೇ ಬಲ್ಬ್ ಹೊಸದರಂತೆ ಉರಿಯುತ್ತದೆ.

ಇಲಿ ಕಾಟ ಇರುವವರು ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟುತ್ತಾರೆ. ಕೆಲವರಿಗೆ ಕೆಲಸ ಮಾಡಿದೆ, ನನ್ನ ಮನೆಯ ಇಲಿಗಳಿಗೆ ಅದರ ಹೆದರಿಕೆ ಇಲ್ಲ. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡುವುದೇ ವಾಸಿ.

ಹಂತ 10: ಗ್ಯಾರೇಜಿಗೆ ಹೋಗುವುದಾದರೆ

ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬೆಳಗ್ಗೆ ಮೊದಲ ಸ್ಟಾರ್ಟ್‌ನಲ್ಲಿ ಮಾತ್ರ ಬಂದರೆ ವಾಲ್ವ್ ಸೀಲ್, ಎಳೆಯುವಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್ ಇರಬಹುದು. ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ ಹೆಡ್ ಗ್ಯಾಸ್ಕೆಟ್ಟಿನದು. ಓಡುವಾಗ ಆಯಿಲ್ ಕ್ಯಾನಿನ ಕೆಂಪು ದೀಪ ಹತ್ತಿದರೆ ಅಲ್ಲೇ ಇಂಜಿನ್ ಆಫ್ ಮಾಡಿ. "ಮನೆ ಹತ್ತಿರವೇ ಇದೆ" ಎಂದು ಓಡಿಸಿದರೆ ಇಂಜಿನ್ ಸೀಜ್, ಅಂದರೆ ಒಳಗೇ ಕಚ್ಚಿಕೊಂಡು ನಿಲ್ಲುತ್ತದೆ. ಇವು ಯಾವುವೂ ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಮೆಕ್ಯಾನಿಕ್ ಹತ್ತಿರ "ಗಾಡಿ ಸರಿ ಇಲ್ಲ, ನೋಡಿ" ಎನ್ನಬೇಡಿ. ನೀವು ಅಳೆದದ್ದನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ: "ಬೆಳಗ್ಗೆ ಬ್ಯಾಟರಿ 12.5, ಸೆಲ್ಫ್ ಹೊಡೆದಾಗ 10.8, ಚಾರ್ಜಿಂಗ್ 14.1. ಕಿಡಿ ನೀಲಿ ಇದೆ. ಬಿಸಿಯಾದಾಗ ಮಾತ್ರ ನಿಲ್ಲುತ್ತದೆ." ಇಷ್ಟು ಓದಿದ ಮೇಲೆ ಯಾರೂ ನಿಮಗೆ ಬ್ಯಾಟರಿ, ಡೈನಮೋ ಮಾರಲು ಬರುವುದಿಲ್ಲ.

ಪಾರ್ಟ್ ಬದಲಿಸಿದರೆ ಹಳೆಯದನ್ನು ಕೇಳಿ ಪಡೆಯಿರಿ. ನೀವೇ ತರುವುದಾದರೆ, ಬೆಂಗಳೂರಿನ ಜೆ.ಸಿ. ರಸ್ತೆಗೇ ಹೋಗಿ, ನಿಮ್ಮೂರಿನ ಸ್ಪೇರ್ಸ್ ಅಂಗಡಿಗೇ ಹೋಗಿ, ಹಳೆ ಪಾರ್ಟ್ ಕೈಯಲ್ಲಿರಲಿ. ಕಾರ್ಬೊರೇಟರ್ ಗಾಡಿಯದೋ ಎಂಪಿಎಫ್‌ಐ ಗಾಡಿಯದೋ ಎಂದು ಅಂಗಡಿಯವರು ಕೇಳುವ ಮೊದಲೇ ನೀವು ಹೇಳಿ, ಆರ್‌ಸಿಯಲ್ಲಿರುವ ತಯಾರಿಕೆಯ ತಿಂಗಳು, ವರ್ಷದ ಸಮೇತ.